ಬಿಸ್ಕತ್ತು: ಪೊಟ್ಟಣದ ನಂಬಿಕೆ, ಲೋಟದ ಸತ್ಯ

ಬೆಂಡೆಕಾಯಿಯ ತುದಿ ಮುರಿದು ನೋಡಿ ಕೊಳ್ಳುವವರೂ ಸೂಪರ್ ಮಾರ್ಕೆಟ್ಟಿನಲ್ಲಿ ಬಿಸ್ಕತ್ತಿನ ಸಾಲಿಗೆ ಬಂದಾಗ ಬಣ್ಣ, ಹೆಸರು, ಬೆಲೆಯನ್ನು ನಂಬಿಬಿಡುತ್ತಾರೆ. ಎಷ್ಟೋ ಮನೆಗಳಲ್ಲಿ ಬೆಳಗಿನ ಮೊದಲ ತುತ್ತೇ ಚಹಾದಲ್ಲಿ ಅದ್ದಿದ ಅಗ್ಗದ ಬಿಸ್ಕತ್ತು. ಅದರ ಸುತ್ತ ಬೆಳೆದಿರುವ ನಂಬಿಕೆಗಳನ್ನು ಒರೆಗೆ ಹಚ್ಚಿ ನೋಡುವುದು ಅಗತ್ಯ.

ತಪ್ಪು ಕಲ್ಪನೆ: ಚಹಾದಲ್ಲಿ ಮುರಿದು ಬಿದ್ದರೆ ಅದು ಕಳಪೆ ಬಿಸ್ಕತ್ತು.

ಸತ್ಯ: ಬಿಸ್ಕತ್ತಿನ ಪಿಷ್ಟದ ಕಣಗಳನ್ನು ಬಹುಮಟ್ಟಿಗೆ ಹಿಡಿದಿಡುವುದು ಸಕ್ಕರೆ. ಬಿಸಿ ಚಹಾ ಅದನ್ನು ಕರಗಿಸುತ್ತದೆ. ಪಿಷ್ಟ ನೀರು ಕುಡಿದು ಉಬ್ಬುತ್ತದೆ. ಒಳ್ಳೆಯ ಬಿಸ್ಕತ್ತಿಗೂ ಇದು ತಪ್ಪಿದ್ದಲ್ಲ. ಮಾರಿ ಬಿಸ್ಕತ್ತೊಂದರ ಅಂಚನ್ನು ಅದ್ದಿ ಹಾಗೇ ಹಿಡಿದು ನೋಡಿ. ಚಹಾದ ಮಟ್ಟಕ್ಕಿಂತ ಮೇಲಕ್ಕೂ ಒಂದು ಕಂದು ಗೆರೆ ಹತ್ತುತ್ತದೆ, ಮೊದಲು ಸರಸರನೆ, ಆಮೇಲೆ ನಿಧಾನವಾಗಿ. ಒಳಗಿನ ಸೂಕ್ಷ್ಮ ರಂಧ್ರಗಳು ಚಹಾವನ್ನು ಎಳೆದುಕೊಳ್ಳುವ ಪರಿ ಇದು.

ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಲೆನ್ ಫಿಶರ್ ಇದನ್ನೇ ಅಧ್ಯಯನ ಮಾಡಿ 1999ರಲ್ಲಿ ವಿನೋದದ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ ಪಡೆದರು. ಅವರು ಆಧರಿಸಿದ್ದು 1921ರ ವಾಷ್‌ಬರ್ನ್ ಸೂತ್ರವನ್ನು: ದ್ರವ ಎರಡು ಪಟ್ಟು ದೂರ ಸಾಗಲು ನಾಲ್ಕು ಪಟ್ಟು ಸಮಯ ಬೇಕು. ಬಿಸ್ಕತ್ತನ್ನು ನೆಟ್ಟಗೆ ಮುಳುಗಿಸಿದರೆ ಚಹಾ ಎರಡೂ ಮೈಯಿಂದ ನುಗ್ಗಿ ನಡುವೆ ಸೇರುತ್ತದೆ. ಮಲಗಿಸಿ ಒಂದೇ ಮೈ ತೋಯಿಸಿದರೆ ಅದು ಇಡೀ ದಪ್ಪವನ್ನು ದಾಟಬೇಕು. ಆಗ ನಾಲ್ಕು ಪಟ್ಟು ಸಮಯ ಸಿಗುತ್ತದೆ, ಮೇಲಿನ ಒಣ ಪದರ ಭಾರ ಹೊರುತ್ತದೆ. ಇದಕ್ಕೆ ಕಿರಿದಾದ ಲೋಟಕ್ಕಿಂತ ಅಗಲ ಬಾಯಿಯ ಕಪ್ಪು ಅನುಕೂಲ.

ತಪ್ಪು ಕಲ್ಪನೆ: ದುಬಾರಿ ಬಿಸ್ಕತ್ತೇ ಚಹಾಕ್ಕೆ ಒಳ್ಳೆಯ ಜೋಡಿ.

ಸತ್ಯ: ಬೆಣ್ಣೆ ಬಿಸ್ಕತ್ತು ಹಾಗೇ ತಿನ್ನಲು ಸೊಗಸು. ಅದರಲ್ಲಿ ಕೊಬ್ಬು ಹಿಟ್ಟಿಗೆ ಸವರಿಕೊಂಡು ಗ್ಲುಟೆನ್ (ಹಿಟ್ಟಿನ ಅಂಟು) ಜಾಲ ಬಿಗಿಯಾಗದಂತೆ ತಡೆಯುವುದರಿಂದಲೇ ಅದು ಬಾಯಲ್ಲಿ ಪುಡಿಯಾಗಿ ಕರಗುತ್ತದೆ. ಅದೇ ಗುಣ ಚಹಾದಲ್ಲಿ ಮುಳುವಾಗುತ್ತದೆ. ಮಾರಿಯಲ್ಲಿ ಕೊಬ್ಬು, ಸಕ್ಕರೆ ಎರಡೂ ಕಡಿಮೆ. ಹಿಟ್ಟನ್ನು ಚೆನ್ನಾಗಿ ನಾದುವುದರಿಂದ ಅದು ಗಟ್ಟಿಯಾಗಿ ನಿಲ್ಲುತ್ತದೆ. ಗ್ಲೂಕೋಸ್ ಬಿಸ್ಕತ್ತು ಬೇಗ ಮೆತ್ತಗಾಗುತ್ತದೆ, ಅದನ್ನು ಅದ್ದಿದ ಕೂಡಲೇ ತೆಗೆಯಬೇಕು. ರಸ್ಕ್ ಅಂತೂ ಎರಡು ಸಲ ಬೇಯಿಸಿದ ಬ್ರೆಡ್ಡು, ಚಹಾ ಹೀರಲೆಂದೇ ಇರುವಂಥದ್ದು.

ತಪ್ಪು ಕಲ್ಪನೆ: ಅಂಗಡಿಯವರದೇ ಹೆಸರಿನ ಬಿಸ್ಕತ್ತು ಎರಡನೇ ದರ್ಜೆಯದು.

ಸತ್ಯ: ಹೆಸರು ಒಬ್ಬರದು, ತಯಾರಿಕೆ ಇನ್ನೊಬ್ಬರದು ಎಂಬುದು ಈ ಉದ್ಯಮದಲ್ಲಿ ಸಾಮಾನ್ಯ. ದೊಡ್ಡ ಕಂಪನಿಗಳೂ ಗುತ್ತಿಗೆಯ ಮೇಲೆ ಬೇರೆ ಕಾರ್ಖಾನೆಗಳಲ್ಲಿ ಮಾಡಿಸುತ್ತವೆ. ಹೋಲಿಸಬೇಕಾದದ್ದು ಪದಾರ್ಥಗಳ ಪಟ್ಟಿಯನ್ನು. ಯಾವುದರ ತೂಕ ಹೆಚ್ಚೋ ಅದನ್ನೇ ಮೊದಲು ಬರೆಯಬೇಕೆಂಬುದು ನಿಯಮ. ಎರಡು ಪೊಟ್ಟಣಗಳಲ್ಲೂ ಮೈದಾ, ಸಕ್ಕರೆ, ತಾಳೆ ಎಣ್ಣೆ ಎಂದು ಅದೇ ಕ್ರಮ ಕಂಡರೆ, ಉಳಿದದ್ದನ್ನು ನಾಲಿಗೆಯೇ ತೀರ್ಮಾನಿಸಲಿ.

ತಪ್ಪು ಕಲ್ಪನೆ: ಮಾರಿ ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು, ಡೈಜೆಸ್ಟಿವ್ ಜೀರ್ಣಕ್ಕೆ ಒಳ್ಳೆಯದು.

ಸತ್ಯ: ಹಿರಿಯರ ತಟ್ಟೆಗೆ ಧೈರ್ಯದಿಂದ ಇಡುವ ಮಾರಿಯಲ್ಲಿ ಮುಖ್ಯವಾಗಿ ಇರುವುದು ಮೈದಾ, 100 ಗ್ರಾಂಗೆ ಸುಮಾರು 20 ಗ್ರಾಂ ಸಕ್ಕರೆ. ಸಿಹಿ ಕಡಿಮೆ ಅನ್ನಿಸಿದ ಮಾತ್ರಕ್ಕೆ ರಕ್ತದಲ್ಲಿ ಸಕ್ಕರೆ ಏರದೇ ಇರುವುದಿಲ್ಲ. 1874ರಲ್ಲಿ ಲಂಡನ್ನಿನ ಪೀಕ್ ಫ್ರೀನ್ಸ್ ಕಂಪನಿ ಮಾರಿಯನ್ನು ಹೊರತಂದದ್ದು ರಷ್ಯಾದ ರಾಜಕುಮಾರಿ ಮರಿಯಾಳ ಮದುವೆಯ ನೆನಪಿಗೆ. ಪಥ್ಯಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಡೈಜೆಸ್ಟಿವ್ ಎಂಬ ಹೆಸರು ಬಂದದ್ದು ಅದರಲ್ಲಿನ ಅಡುಗೆ ಸೋಡಾ ಹೊಟ್ಟೆಯ ಆಮ್ಲ ತಗ್ಗಿಸುತ್ತದೆ ಎಂಬ ಹತ್ತೊಂಬತ್ತನೇ ಶತಮಾನದ ನಂಬಿಕೆಯಿಂದ. ಆ ಸೋಡಾ ಒಲೆಯ ಬಿಸಿಗೇ ಮಾರ್ಪಡುತ್ತದೆ. ಡೈಜೆಸ್ಟಿವ್‌ನಲ್ಲಿ ಸ್ವಲ್ಪ ನಾರಿನಂಶವಿದೆ ನಿಜ, ಆದರೆ ಎಣ್ಣೆ ಮಾರಿಗಿಂತ ಹೆಚ್ಚು.

ತಪ್ಪು ಕಲ್ಪನೆ: ಮೆತ್ತಗಾದ ಬಿಸ್ಕತ್ತು ಕೆಟ್ಟಿದೆ.

ಸತ್ಯ: ಬ್ರೆಡ್ಡು ಇಟ್ಟಷ್ಟೂ ಒಣಗುತ್ತದೆ, ಬಿಸ್ಕತ್ತು ಗಾಳಿಯ ತೇವ ಹೀರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತೆರೆದಿಟ್ಟ ಪೊಟ್ಟಣ ಸಂಜೆಯೊಳಗೆ ಗರಿ ಕಳೆದುಕೊಳ್ಳುತ್ತದೆ. ಸಣ್ಣ ಉರಿಯ ತವೆಯ ಮೇಲೆ ಬೆಚ್ಚಗೆ ಮಾಡಿ ಆರಿಸಿದರೆ ಗರಿಗರಿಯಾಗುತ್ತದೆ. ಕಮಟು ವಾಸನೆ ಬಂದರೆ, ಬೂಷ್ಟು ಕಂಡರೆ ಮಾತ್ರ ಎಸೆಯಿರಿ.

ತಪ್ಪು ಕಲ್ಪನೆ: ಪಾರ್ಲೆ-ಜಿ ಪೊಟ್ಟಣದ ಮಗು ಸುಧಾ ಮೂರ್ತಿಯವರು.

ಸತ್ಯ: ಅಲ್ಲ. ಅದು 1960ರ ದಶಕದಲ್ಲಿ ಕಲಾವಿದರೊಬ್ಬರು ಬಿಡಿಸಿದ ಚಿತ್ರ ಎಂದು ಕಂಪನಿಯೇ ಹೇಳಿದೆ.

ತಪ್ಪು ಕಲ್ಪನೆ: 5 ರೂಪಾಯಿಯ ಪೊಟ್ಟಣವೇ ಎಲ್ಲಕ್ಕಿಂತ ಅಗ್ಗ.

ಸತ್ಯ: ಬೆಲೆ ಕದಲದೆ ನಿಂತಾಗ ಒಳಗಿನ ತೂಕ ಇಳಿಯುತ್ತದೆ. ದರವನ್ನು ಗ್ರಾಂ ಲೆಕ್ಕದಲ್ಲೇ ನೋಡಬೇಕು. ಅನೇಕ ಪೊಟ್ಟಣಗಳ ಮೇಲೆ ಗರಿಷ್ಠ ಮಾರಾಟ ಬೆಲೆಯ ಪಕ್ಕದಲ್ಲಿ ಒಂದು ಗ್ರಾಂಗೆ ಎಷ್ಟು ಎಂಬುದೂ ಅಚ್ಚಾಗಿರುತ್ತದೆ. ದೊಡ್ಡ ಪೊಟ್ಟಣದಲ್ಲಿ ಉಳಿತಾಯ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಆ ಅಂಕಿ ಹೇಳುತ್ತದೆ.

ಮುಂದಿನ ಸಲ ಎರಡು ಬಗೆಯ ಬಿಸ್ಕತ್ತು ತಂದು, ಹೆಸರು ಕಾಣದಂತೆ ತಟ್ಟೆಗೆ ಸುರಿದು ಮನೆಯವರ ಮುಂದಿಡಿ. ಮೊದಲು ಒಣದಾಗಿ ಕಚ್ಚಿ ನೋಡಲಿ, ಆಮೇಲೆ ಎರಡನ್ನೂ ಒಂದೇ ಚಹಾದಲ್ಲಿ ಸಮಾನ ಹೊತ್ತು ಅದ್ದಿ ತಿನ್ನಲಿ. ಅಗ್ಗದ್ದು ಗೆದ್ದರೆ ಸಂಕೋಚವಿಲ್ಲದೆ ಅದನ್ನೇ ಕೊಳ್ಳಿ. ಕಡಿಮೆ ದುಡ್ಡಿನಲ್ಲಿ ರುಚಿಯಾದದ್ದನ್ನು ಆರಿಸಿಕೊಳ್ಳುವುದು ಜಾಣತನ, ಅದರಲ್ಲಿ ಕೀಳರಿಮೆಗೆ ಜಾಗವಿಲ್ಲ.