ಬಜೆಟ್ಟಿನ ಪ್ಲಸ್ಸು, ಮೈನಸ್ಸು

ಲೆಕ್ಕಶಾಸ್ತ್ರದ ತರಗತಿ ಮುಗಿಸಿ ಕಂಪ್ಯೂಟರ್ ಲ್ಯಾಬಿಗೆ ಹೋಗುವ ನಮ್ಮಂಥ ಸಿಇಬಿಎ ವಿದ್ಯಾರ್ಥಿಗಳಿಗೆ ಒಂದು ತೊಡಕು ಎದುರಾಗುತ್ತದೆ. ಲೆಜರಿನಲ್ಲಿ ನಾವು ಮೈನಸ್ ಬರೆಯುವುದಿಲ್ಲ. ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ. ಪ್ರೋಗ್ರಾಮಿನಲ್ಲಿ ಒಂದು ಮೊತ್ತಕ್ಕೆ ಒಂದೇ ವೇರಿಯಬಲ್ ಇಟ್ಟರೆ ಈ ಎಡ-ಬಲವನ್ನು ಎಲ್ಲಿ ತೋರಿಸುವುದು?

ಜಿಎನ್‌ಯುಕ್ಯಾಶ್ ಎಂಬ ಉಚಿತ ತಂತ್ರಾಂಶದಂತೆ ಹಲವು ತಂತ್ರಾಂಶಗಳು ಡೆಬಿಟ್ಟನ್ನು ಪ್ಲಸ್, ಕ್ರೆಡಿಟ್ಟನ್ನು ಮೈನಸ್ ಎಂದು ಇಟ್ಟುಕೊಳ್ಳುತ್ತವೆ. ಇದರಿಂದ ದೊಡ್ಡ ಅನುಕೂಲವಿದೆ: ಎಲ್ಲವನ್ನೂ ಕೂಡಿದಾಗ ಸೊನ್ನೆ ಬಂದರೆ ತಾಳೆಪಟ್ಟಿ ತಾಳೆಯಾಯಿತು. ಆದರೆ ಆಗ ಆದಾಯ ಮೈನಸ್ ಆಗುತ್ತದೆ! ಋಣ ಎಂದರೆ ಸಾಲ, ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಈ ಸಂಖ್ಯೆಗಳ ನಿಯಮ ಬರೆದಾಗ ಬಳಸಿದ್ದೂ ಧನ, ಋಣ ಎಂಬ ಪದಗಳನ್ನೇ. ಇಲ್ಲಿ ನೋಡಿದರೆ ಬಂದ ಹಣವೇ ಋಣದ ಲೆಕ್ಕಕ್ಕೆ ಸೇರಿದೆ. ಹಾಗಾಗಿ ತೆರೆಯ ಮೇಲೆ ತೋರಿಸುವಾಗ ಚಿಹ್ನೆಯನ್ನು ತಿರುಗಿಸಬೇಕಾಗುತ್ತದೆ.

ಬಜೆಟ್ಟಿನಲ್ಲಿ ಇದು ಇನ್ನೂ ಸೂಕ್ಷ್ಮ. ವಾರ್ಷಿಕೋತ್ಸವಕ್ಕೆ ರೂ. 40,000 ದೇಣಿಗೆ ಬರುತ್ತದೆ, ರೂ. 30,000 ಖರ್ಚಾಗುತ್ತದೆ ಎಂದು ಅಂದಾಜು ಮಾಡಿದೆವು ಎಂದುಕೊಳ್ಳಿ. ಬಂದದ್ದು 46,000, ಖರ್ಚಾದದ್ದು 34,000. ಚಿಹ್ನೆ ಇಲ್ಲದೆ ವಾಸ್ತವದಿಂದ ಅಂದಾಜನ್ನು ಕಳೆದರೆ ಒಂದು ಕಡೆ 6,000, ಇನ್ನೊಂದು ಕಡೆ 4,000, ಎರಡೂ ಪ್ಲಸ್. ಕೂಡಿದರೆ 10,000. ಖಜಾಂಚಿ ಇದನ್ನು ನಂಬಿ ಹೆಚ್ಚುವರಿ ಹತ್ತು ಸಾವಿರಕ್ಕೆ ಬಹುಮಾನ ತಂದರೆ ಗತಿಯೇನು? ಉಳಿತಾಯ 10,000ದ ಬದಲು 12,000 ಆಗಿದೆ; ಹೆಚ್ಚಾದದ್ದು ಎರಡೇ ಸಾವಿರ.

ಈಗ ಆದಾಯಕ್ಕೆ ಮೈನಸ್ ಇಟ್ಟು, ಅಂದಾಜಿನಿಂದ ವಾಸ್ತವವನ್ನು ಕಳೆಯಿರಿ. ಆದಾಯ: –40,000ದಿಂದ –46,000 ಕಳೆದರೆ +6,000. ಖರ್ಚು: 30,000ದಿಂದ 34,000 ಕಳೆದರೆ –4,000. ಮೊತ್ತ +2,000. ಪ್ಲಸ್ ಬಂದರೆ ಅನುಕೂಲ, ಮೈನಸ್ ಬಂದರೆ ಪ್ರತಿಕೂಲ. ಆದಾಯಕ್ಕೊಂದು, ಖರ್ಚಿಗೊಂದು ಎಂದು ಬೇರೆ ಬೇರೆ ಸೂತ್ರವೇ ಬೇಡ. ನನಗೆ ಈ ವಿಷಯದಲ್ಲಿ ಬಹಳ ಹಿಡಿಸಿದ್ದು ಇದೇ.

ಕೆಲವರು ಮೈನಸ್ ಕಂಡರೆ ಸಾಕು, ಪೈಥಾನಿನ ಎಬಿಎಸ್ ಫಂಕ್ಷನ್ ಹಾಕಿ ಅದನ್ನು ಅಳಿಸುತ್ತಾರೆ. ನನ್ನ ಮಟ್ಟಿಗೆ ಇದು ಅಪಾಯಕಾರಿ. ಶಾಮಿಯಾನದವರು ರೂ. 1,000 ವಾಪಸ್ ಕೊಟ್ಟರೆ ಅದು ಖರ್ಚಿನ ಖಾತೆಯಲ್ಲಿ –1,000. ಚಿಹ್ನೆ ಅಳಿಸಿದರೆ ವಾಪಸ್ ಬಂದ ಹಣವೂ ಖರ್ಚಾಗಿ, ಲೆಕ್ಕದಲ್ಲಿ 2,000 ವ್ಯತ್ಯಾಸ ಬೀಳುತ್ತದೆ. ಎಬಿಎಸ್ ಬೇರೆ, ಚಿಹ್ನೆ ತಿರುಗಿಸುವುದು ಬೇರೆ.

ತಿರುಗಿಸುವ ಕೆಲಸವನ್ನು ಬಳಕೆದಾರ ಅಂಕಿ ತುಂಬುವಾಗ ಒಮ್ಮೆ, ತೆರೆಗೆ ತರುವಾಗ ಒಮ್ಮೆ ಮಾಡಿದರೆ ಸಾಕು. ನಡುವಿನ ಲೆಕ್ಕದಲ್ಲಿ ಕೈಯಾಡಿಸಬಾರದು. ಮುಂದೆಂದಾದರೂ ನಿಯಮ ಬದಲಿಸುವುದಾದರೆ, ಯಾವ ಫೈಲು ಯಾವ ನಿಯಮದ್ದು ಎಂಬ ಗುರುತು ಫೈಲಿನೊಳಗೇ ಇರಬೇಕು. ಇಲ್ಲದಿದ್ದರೆ ಹೋದ ವರ್ಷದ ಬಜೆಟ್ ತೆರೆದಾಗ ದೇಣಿಗೆಯೆಲ್ಲ ಮೈನಸ್ಸಾಗಿ ಕಾಣುತ್ತದೆ.