ಮೂತ್ರಕೋಶ ತೆಗೆದ ಮೇಲೆ: ಚೀಲದೊಂದಿಗೆ ದಿನಚರಿ

ಮೂತ್ರಕೋಶದ ಕ್ಯಾನ್ಸರ್ ಸ್ನಾಯುವಿನ ಪದರಕ್ಕೆ ಇಳಿದಿದ್ದರೆ ಬಹಳ ಸಲ ಮೂತ್ರಕೋಶವನ್ನೇ ತೆಗೆಯಬೇಕಾಗುತ್ತದೆ. ಆಗ ಮನೆಯವರು ಕೇಳುವ ಮೊದಲ ಪ್ರಶ್ನೆ, "ಹಾಗಾದರೆ ಮೂತ್ರ ಎಲ್ಲಿಂದ ಹೋಗ್ಬೇಕು ಡಾಕ್ಟ್ರೇ?" ಎಂಬುದು. ಹೆಚ್ಚಾಗಿ ಮಾಡುವುದು ಹೀಗೆ: ಸಣ್ಣ ಕರುಳಿನ ಕೊನೆಯ ಭಾಗದಿಂದ 15ರಿಂದ 20 ಸೆಂಟಿಮೀಟರ್ ಉದ್ದದ ತುಂಡೊಂದನ್ನು ಬೇರ್ಪಡಿಸಿ, ಉಳಿದ ಕರುಳನ್ನು ಮತ್ತೆ ಹೊಲಿದು ಸೇರಿಸುತ್ತಾರೆ. ಆ ತುಂಡಿನ ಒಂದು ತುದಿಗೆ ಎರಡೂ ಕಿಡ್ನಿಗಳಿಂದ ಬರುವ ಮೂತ್ರನಾಳಗಳನ್ನು ಜೋಡಿಸುತ್ತಾರೆ. ಇನ್ನೊಂದು ತುದಿಯನ್ನು ಸಾಮಾನ್ಯವಾಗಿ ಹೊಕ್ಕುಳದ ಬಲಬದಿಗೆ, ಸ್ವಲ್ಪ ಕೆಳಗೆ, ಹೊಟ್ಟೆಯ ಮೇಲೆ ತೆರೆದಿಡುತ್ತಾರೆ. ಅಮೆರಿಕದ ಶಸ್ತ್ರವೈದ್ಯ ಯೂಜೀನ್ ಬ್ರಿಕರ್ 1950ರಲ್ಲಿ ವಿವರಿಸಿದ ಈ ವಿಧಾನ ಇವತ್ತಿಗೂ ಬಳಕೆಯಲ್ಲಿದೆ.

ಹೊರಗೆ ಕಾಣುವ ಆ ಕರುಳಿನ ತುದಿಯೇ ಸ್ಟೋಮಾ. ಒಳಕೆನ್ನೆಯ ಹಾಗೆ ಕೆಂಪಗೆ, ಒದ್ದೆಯಾಗಿ ಇರುತ್ತದೆ. ಮುಟ್ಟಿದರೆ ನೋವಾಗುವುದಿಲ್ಲ, ಒರೆಸುವಾಗ ಚೂರು ರಕ್ತ ಕಂಡರೆ ಗಾಬರಿ ಬೇಡ. ಕರುಳಿನ ತುಂಡು ಮೂತ್ರವನ್ನು ಹಿಡಿದಿಡುವುದಿಲ್ಲ, ಸಾಗಿಸುತ್ತದೆ ಅಷ್ಟೆ. ಹಾಗಾಗಿ ಹಗಲೂ ರಾತ್ರಿ ಮೂತ್ರ ತೊಟ್ಟಿಕ್ಕುತ್ತಲೇ ಇರುತ್ತದೆ, ತಡೆದುಕೊಳ್ಳುವ ಮಾತೇ ಇಲ್ಲ. ಅದನ್ನು ಹಿಡಿಯಲು ಸ್ಟೋಮಾದ ಮೇಲೆ ಸದಾ ಚೀಲವೊಂದು ಅಂಟಿಕೊಂಡಿರಬೇಕು. ಚೀಲದಲ್ಲಿ ಬಿಳಿ ಲೋಳೆ ತೇಲುವುದನ್ನು ಕಂಡು ಸೋಂಕು ಎಂದು ಹೆದರುವವರು ಬಹಳ. ಕರುಳು ಲೋಳೆ ಬಿಡುವುದು ಅದರ ಸ್ವಭಾವ. ನೀರು ಚೆನ್ನಾಗಿ ಕುಡಿದರೆ ಅದು ತೆಳ್ಳಗಾಗುತ್ತದೆ.

ಶಸ್ತ್ರಚಿಕಿತ್ಸೆಗೆ ಮುಂಚೆಯೇ ಒಂದು ಮಾತು ಆಡಬೇಕು, ಇದನ್ನು ನಾನು ಒತ್ತಿ ಹೇಳುತ್ತೇನೆ. ಸ್ಟೋಮಾ ಎಲ್ಲಿರಬೇಕೆಂದು ನರ್ಸ್ ಅಥವಾ ವೈದ್ಯರು ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಮಲಗಿದಾಗ ಮಾತ್ರ ನೋಡಿದರೆ ಸಾಲದು; ಕೂತಾಗ, ನಿಂತಾಗ, ಬಗ್ಗಿದಾಗ ಹೊಟ್ಟೆಯ ಮಡಿಕೆ ಎಲ್ಲಿ ಬೀಳುತ್ತದೆ ಎಂದೂ ನೋಡಬೇಕು. ಸೀರೆ ಉಡುವವರು ನೆರಿಗೆ ಸಿಕ್ಕಿಸುವ, ಲಂಗದ ಲಾಡಿ ಕಟ್ಟುವ ಜಾಗ ತೋರಿಸಬೇಕು. ಪಂಚೆ ಉಡುವವರು ಗಂಟು ಬೀಳುವ ಜಾಗ ತೋರಿಸಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟ ಮಾಡುವ ಅಭ್ಯಾಸವಿದ್ದರೆ ಅದನ್ನೂ ಹೇಳಬೇಕು. ಸಂಕೋಚಪಟ್ಟು ಸುಮ್ಮನಿದ್ದರೆ ಮುಂದೆ ದಿನಾ ಆ ಲಾಡಿಯೇ ಚೀಲವನ್ನು ಒತ್ತುತ್ತದೆ.

ಚೀಲಕ್ಕೆ ಎರಡು ಭಾಗ: ಚರ್ಮಕ್ಕೆ ಅಂಟುವ ಪ್ಲೇಟ್, ಮೂತ್ರ ತುಂಬುವ ಚೀಲ. ಎರಡೂ ಸೇರಿಯೇ ಬರುವ ಬಗೆಯೂ ಉಂಟು, ಬೇರೆ ಬೇರೆಯಾಗಿ ಬರುವ ಬಗೆಯೂ ಉಂಟು. ತಳದಲ್ಲಿ ಖಾಲಿ ಮಾಡಲು ಪುಟ್ಟ ಟ್ಯಾಪ್ ಇರುತ್ತದೆ. ಪ್ಲೇಟನ್ನು ಸಾಮಾನ್ಯವಾಗಿ ಮೂರ್ನಾಲ್ಕು ದಿನಕ್ಕೊಮ್ಮೆ ಬದಲಿಸುತ್ತಾರೆ. ಕರಾವಳಿಯ ಬೆವರಿನಲ್ಲಿ ಅಷ್ಟು ದಿನ ತಡೆಯದಿರಬಹುದು. ಅಂಟು ಬಿಡುವವರೆಗೆ ಕಾಯದೆ ದಿನ ಗೊತ್ತುಮಾಡಿಕೊಂಡು ಬದಲಿಸುವುದೇ ಒಳ್ಳೆಯದು.

ಬದಲಿಸಲು ಸರಿಯಾದ ಹೊತ್ತು ಬೆಳಿಗ್ಗೆ ಎದ್ದ ಕೂಡಲೇ, ಕಾಫಿ ನೀರು ಏನೂ ಕುಡಿಯುವ ಮುಂಚೆ. ಆಗ ಮೂತ್ರ ಕಡಿಮೆ. ಬೇಕಾದ ಸಾಮಾನನ್ನೆಲ್ಲ ಮೊದಲೇ ಕೈಗೆ ಸಿಗುವ ಹಾಗೆ ಹರಡಿಕೊಳ್ಳಿ. ಒಂದು ಕೈಯಿಂದ ಚರ್ಮ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಹಳೆ ಪ್ಲೇಟನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬಿಡಿಸಿ. ಬರೀ ಬೆಚ್ಚಗಿನ ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಿ. ಈ ಮಧ್ಯೆ ಮೂತ್ರ ಬರುತ್ತಲೇ ಇರುತ್ತದಲ್ಲ? ಗಾಜ್ ಬಟ್ಟೆಯನ್ನು ಬತ್ತಿಯಂತೆ ಸುತ್ತಿ ಸ್ಟೋಮಾದ ಬಾಯಿಗೆ ಹಿಡಿದರೆ ಅದು ಹೀರಿಕೊಳ್ಳುತ್ತದೆ. ಹೊಸ ಪ್ಲೇಟಿನ ತೂತು ಸ್ಟೋಮಾಗಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಿರಲಿ. ಅಂಗೈಗಳ ನಡುವೆ ಪ್ಲೇಟನ್ನು ಸ್ವಲ್ಪ ಹೊತ್ತು ಬೆಚ್ಚಗೆ ಮಾಡಿ, ಅಂಟಿಸಿ, ಮೇಲೆ ಅಂಗೈ ಇಟ್ಟು ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಹೊಸ ಚೀಲದ ಟ್ಯಾಪ್ ಮುಚ್ಚಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಚೀಲ ಸೋರುವುದಕ್ಕೆ ಕಾರಣ ಹೆಚ್ಚಾಗಿ ಹೀಗೆ ಬದಲಿಸುವ ಹೊತ್ತಿನಲ್ಲೇ ಇರುತ್ತದೆ. ಚರ್ಮ ಪೂರ್ತಿ ಒಣಗಿರುವುದಿಲ್ಲ, ಇಲ್ಲವೇ ಒಣಗಿತೆಂದು ಕೊಬ್ಬರಿ ಎಣ್ಣೆ, ಕ್ರೀಮು, ಟಾಲ್ಕಂ ಪೌಡರ್ ಹಚ್ಚಿರುತ್ತಾರೆ; ಅವುಗಳ ಮೇಲೆ ಅಂಟು ನಿಲ್ಲುವುದಿಲ್ಲ. ಮೊದಲ ಆರರಿಂದ ಎಂಟು ವಾರಗಳಲ್ಲಿ ಊತ ಇಳಿದು ಸ್ಟೋಮಾ ಚಿಕ್ಕದಾಗುತ್ತದೆ. ಆಸ್ಪತ್ರೆಯಲ್ಲಿ ಕತ್ತರಿಸಿಕೊಟ್ಟ ಅಳತೆಯನ್ನೇ ಮುಂದುವರಿಸಿದರೆ ಸುತ್ತಲಿನ ಚರ್ಮ ದಿನವಿಡೀ ಮೂತ್ರದಲ್ಲಿ ನೆನೆದು ಉರಿ ಶುರುವಾಗುತ್ತದೆ. ವಾರಕ್ಕೊಮ್ಮೆ ಅಳೆಯಿರಿ. ಸೋರಿದ ಕಡೆ ಟೇಪ್ ಹಚ್ಚಿ ದಿನ ದೂಡುವುದು ಮಾತ್ರ ಬೇಡವೇ ಬೇಡ, ಮೂತ್ರ ಒಳಗೇ ಸಿಕ್ಕಿಕೊಂಡು ಚರ್ಮ ಸುಡುತ್ತದೆ. ಎಷ್ಟು ಎಚ್ಚರವಿದ್ದರೂ ಸೋರುತ್ತಿದ್ದರೆ ಸ್ಟೋಮಾ ನರ್ಸಿಗೆ ತೋರಿಸಿ. ತಗ್ಗಿದ ಸ್ಟೋಮಾಗೆ ಉಬ್ಬು ಪ್ಲೇಟ್, ಮಡಿಕೆ ತುಂಬಲು ಪೇಸ್ಟ್ ಸಿಗುತ್ತವೆ.

ಹಗಲಲ್ಲಿ ಮೂರನೇ ಒಂದು ಭಾಗದಿಂದ ಅರ್ಧ ತುಂಬುವಷ್ಟರಲ್ಲಿ ಖಾಲಿ ಮಾಡಿ. ತುಂಬಿದ ಚೀಲದ ಭಾರಕ್ಕೇ ಪ್ಲೇಟು ಕಿತ್ತುಬರುತ್ತದೆ. ರಾತ್ರಿ ಎದ್ದೇಳುವ ಕಷ್ಟ ತಪ್ಪಿಸಲು ಎರಡು ಲೀಟರ್ ಹಿಡಿಯುವ ದೊಡ್ಡ ಚೀಲವನ್ನು ಕೊಳವೆಯಿಂದ ಜೋಡಿಸಿ, ಹಾಸಿಗೆಗಿಂತ ಕೆಳಗೆ ಇಡಬೇಕು. ಮೆಡಿಕಲ್ ಅಂಗಡಿಯಲ್ಲಿ ಇದು ಯೂರೋಬ್ಯಾಗ್ ಎಂಬ ಹೆಸರಿನಲ್ಲಿ ಸಿಗುತ್ತದೆ. ನಿಮ್ಮ ಟ್ಯಾಪಿಗೆ ಹೊಂದುವ ಜೋಡಣೆ ಬೇಕಾಗಬಹುದು, ಕೇಳಿ ತನ್ನಿ. ಜೋಡಿಸುವಾಗ ಹೊಟ್ಟೆಯ ಮೇಲಿನ ಚೀಲದಲ್ಲಿ ಸ್ವಲ್ಪ ಮೂತ್ರ ಉಳಿಸಿಕೊಂಡರೆ ಹರಿವು ಸಲೀಸು. ಬೆಳಿಗ್ಗೆ ದೊಡ್ಡ ಚೀಲವನ್ನು ತೊಳೆದು ಒಣಗಿಸಿ.

ಊಟದಲ್ಲಿ ಪಥ್ಯವೇನೂ ಇಲ್ಲ. ಮೀನು, ಬೆಳ್ಳುಳ್ಳಿ, ಮೆಂತ್ಯ ತಿಂದ ದಿನ ವಾಸನೆ ಹೆಚ್ಚಬಹುದು, ಬೀಟ್‌ರೂಟ್ ತಿಂದರೆ ಮೂತ್ರ ಕೆಂಪಾಗಬಹುದು. ವೈದ್ಯರು ನೀರಿಗೆ ಮಿತಿ ಹೇಳಿಲ್ಲದಿದ್ದರೆ ದಿನಕ್ಕೆ ಎರಡು ಲೀಟರಿಗೆ ಕಡಿಮೆ ಬೇಡ. ಬಸ್ ಪ್ರಯಾಣವೆಂದು ನೀರು ಬಿಡುವವರಿದ್ದಾರೆ. ಅದರಿಂದ ಸೋಂಕಿಗೆ ದಾರಿಯಾಗುತ್ತದೆ. ಖಾಲಿ ಮಾಡಲು ಮುಚ್ಚಳವಿರುವ ಅಗಲ ಬಾಯಿಯ ಬಾಟಲಿ, ಕತ್ತರಿಸಿಟ್ಟ ಪ್ಲೇಟ್, ಒಂದು ಜೊತೆ ಬಟ್ಟೆ ಕೈಚೀಲದಲ್ಲಿದ್ದರೆ ಸಾಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಪ್ಲೇಟ್ ಬಿಡಬೇಡಿ, ಅಂಟು ಕರಗುತ್ತದೆ. ಸ್ನಾನ ಚೀಲ ಹಾಕಿಕೊಂಡೂ ಮಾಡಬಹುದು, ತೆಗೆದೂ ಮಾಡಬಹುದು. ತುಂಬಿದ ಕೊಡ, ಗ್ಯಾಸ್ ಸಿಲಿಂಡರ್ ಎತ್ತುವ ಕೆಲಸವನ್ನು ಮೊದಲ ತಿಂಗಳುಗಳಲ್ಲಿ ಬೇರೆಯವರಿಗೆ ಬಿಡಿ. ಸ್ಟೋಮಾದ ಪಕ್ಕದಲ್ಲೇ ಹರ್ನಿಯಾ ಆಗುವ ಅಪಾಯವಿದೆ.

ಗಂಡ ಹೆಂಡಿರ ನಡುವೆ ಈ ಚೀಲ ಮೌನ ತರುತ್ತದೆ. ತೋರಿಸಲು ನಾಚಿಕೆ, ಕೇಳಲು ಅಂಜಿಕೆ. ಆಸ್ಪತ್ರೆಯಿಂದ ಹೊರಡುವ ಮುನ್ನ ಇಬ್ಬರೂ ಒಟ್ಟಿಗೆ ಚೀಲ ಬದಲಿಸುವುದನ್ನು ಕಲಿತರೆ ಆ ಮೌನ ಬೇಗ ಒಡೆಯುತ್ತದೆ. ಲೈಂಗಿಕ ಬದುಕಿನ ಪ್ರಶ್ನೆಗಳನ್ನು ವೈದ್ಯರಲ್ಲಿ ನೇರವಾಗಿ ಕೇಳಿ; ಶಸ್ತ್ರಚಿಕಿತ್ಸೆಯಲ್ಲಿ ನರಗಳಿಗೆ ಪೆಟ್ಟಾಗಿದ್ದರೆ ಅದಕ್ಕೂ ಚಿಕಿತ್ಸೆಗಳಿವೆ. ಸ್ಟೋಮಾ ಇರುವವರಿಗಾಗಿಯೇ ಕೆಲಸ ಮಾಡುವ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಮುಂಬೈಯಲ್ಲಿದೆ.

ಚಳಿಜ್ವರ, ಸೊಂಟದ ಪಕ್ಕೆಯಲ್ಲಿ ನೋವು, ಕೆಲವು ಗಂಟೆಗಳಿಂದ ಚೀಲಕ್ಕೆ ಮೂತ್ರ ಬಾರದಿರುವುದು, ಸ್ಟೋಮಾ ನೇರಳೆ ಅಥವಾ ಕಪ್ಪಗಾಗುವುದು, ನಿಲ್ಲದ ರಕ್ತ: ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ. ಅಲ್ಲಿ ಮೂತ್ರ ಪರೀಕ್ಷೆಗೆ ಹೇಳಿದರೆ ಚೀಲದಿಂದ ಬಸಿದು ಕೊಡಬೇಡಿ. ಚೀಲದಲ್ಲಿ ನಿಂತ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ, ವರದಿ ದಾರಿ ತಪ್ಪಿಸುತ್ತದೆ. ಚೀಲ ತೆಗೆದು, ಸ್ಟೋಮಾ ಒರೆಸಿ, ಸಣ್ಣ ಕ್ಯಾತಿಟರ್ ಮೂಲಕ ಮಾದರಿ ತೆಗೆಯಲು ಹೇಳಿ. ಲ್ಯಾಬಿನವರಿಗೆ ಇದು ಗೊತ್ತಿಲ್ಲದಿರಬಹುದು, ನೀವೇ ಹೇಳಬೇಕಾಗುತ್ತದೆ.