ಉಳಿತಾಯ ಬಜೆಟ್: ಉಳಿಸಿದ್ದು ಏನು, ಯಾರದ್ದು?

ಮಾರ್ಚ್ ಬಂತೆಂದರೆ ನಗರಸಭೆಯಲ್ಲಿ ಒಂದು ಹಬ್ಬ. ಹಾರ, ತುರಾಯಿ, ಖಾರಾ-ಸ್ವೀಟು, ಕಾಫಿ. ಆಮೇಲೆ ಬಜೆಟ್ ಓದು. ಕೊನೆಗೆ "ಇಷ್ಟು ಲಕ್ಷದ ಉಳಿತಾಯ ಬಜೆಟ್" ಎಂದಾಗ ಮೇಜು ಕುಟ್ಟುವ ಸದ್ದು. ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಒಂದೇ ಮಾತು: "ಉಳಿತಾಯವಂತೆ! ಮತ್ತೆ ನಮ್ಮ ಬೀದಿ ಚರಂಡಿಗೆ ಚಪ್ಪಡಿ ಹಾಕೋಕೆ ದುಡ್ಡಿಲ್ಲ ಅಂತಾರಲ್ಲ ಸ್ವಾಮಿ?"

ಪ್ರಶ್ನೆ ಸರಿಯಾಗಿಯೇ ಇದೆ. ಕೇಳುವ ಜಾಗ ಮತ್ತು ಹೊತ್ತು ಮಾತ್ರ ತಪ್ಪು.

ಅಂಗಡಿ ಇಟ್ಟವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ವರ್ಷದ ಮೊದಲ ದಿನ ಗಲ್ಲಾದಲ್ಲಿದ್ದದ್ದು ಆರಂಭ ಶಿಲ್ಕು. ಅದಕ್ಕೆ ಜಮೆ ಸೇರಿಸಿ ಖರ್ಚು ಕಳೆದರೆ ಅಖೈರು ಶಿಲ್ಕು. ನಗರಸಭೆಯ 'ಉಳಿತಾಯ' ಅಂದರೂ ಬಹುಮಟ್ಟಿಗೆ ಇಷ್ಟೇ. ಅದರಲ್ಲಿ ಹೋದ ವರ್ಷ ಆಗದೇ ನಿಂತ ಕಾಮಗಾರಿಯ ಹಣವೂ ಇರಬಹುದು. ಇನ್ನೂ ಬಾರದ ಅನುದಾನ, ವಸೂಲಾಗದ ಮಳಿಗೆ ಬಾಡಿಗೆ, ನೀರಿನ ಕಂದಾಯವನ್ನೂ ಜಮೆ ಎಂದೇ ಬರೆದಿರಬಹುದು. ಬರಬೇಕಾದ ಉದ್ರಿಯನ್ನೆಲ್ಲ ಲಾಭವೆಂದು ಯಾವ ವ್ಯಾಪಾರಿ ಎಣಿಸುತ್ತಾನೆ?

ನಿಮ್ಮ ತೆರಿಗೆ ರಸೀದಿಯನ್ನೇ ತೆಗೆದು ನೋಡಿ. 100 ರೂಪಾಯಿ ಆಸ್ತಿ ತೆರಿಗೆಯ ಮೇಲೆ ಆರೋಗ್ಯ ಕರ 15, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ಒಟ್ಟು 24 ರೂಪಾಯಿ. ಇದು ನಗರಸಭೆಯ ಸ್ವಂತ ದುಡ್ಡಲ್ಲ. ವಸೂಲಿ ಖರ್ಚು ಮುರಿದುಕೊಂಡು ಉಳಿದದ್ದನ್ನು ಆಯಾ ಬಾಬ್ತಿಗೆ ಕಟ್ಟಬೇಕು. ಆದರೆ ಜನರಿಂದ ವಸೂಲಾದ ಗ್ರಂಥಾಲಯ ಕರ ಇಲಾಖೆಗೆ ಸೇರದೆ ಬಾಕಿ ಬೀಳುವುದು ರಾಜ್ಯದ ಅನೇಕ ಊರುಗಳ ಹಳೇ ರಾಮಾಯಣ. ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು ಲೈಬ್ರರಿಯಲ್ಲಿ ಕೂತು ಪರೀಕ್ಷೆಗೆ ಓದುವ ಹುಡುಗನಿಗೆ ಪುಸ್ತಕವಿಲ್ಲ. ಗಲ್ಲಾದಲ್ಲಿ ಮಾತ್ರ ಶಿಲ್ಕು ಇದೆ. ಕೊಡಬೇಕಾದ್ದನ್ನು ಕೊಡದೆ ಉಳಿಸಿದ್ದೂ ಉಳಿತಾಯವೇ?

ಇನ್ನು ಕೇಳುವುದೆಲ್ಲಿ? ಮಾರ್ಚ್ ಸಭೆಯಲ್ಲಲ್ಲ. 1964ರ ಪುರಸಭೆಗಳ ಕಾಯ್ದೆಯಂತೆ ನಡೆಯುವ ಸಾಮಾನ್ಯ ಸಭೆಗೆ ನಾವು ಹೋಗಿ ಕೂರಬಹುದು, ಆದರೆ ಮಾತಾಡುವ ಹಕ್ಕು ಸದಸ್ಯರದ್ದು. ನಮ್ಮ ಬಾಯಿಗೆ ಅವಕಾಶವಿರುವುದು ಅದಕ್ಕೂ ಮುಂಚೆ ಕರೆಯುವ ಬಜೆಟ್ ಪೂರ್ವಭಾವಿ ಸಭೆಯಲ್ಲಿ. ಆ ದಿನ ನೋಡಿದರೆ ಮುಂದಿನ ಸಾಲಿನಲ್ಲಿ ನಾಲ್ಕು ಜನ ಮುಖಂಡರು, ಹಿಂದೆಲ್ಲ ಖಾಲಿ ಕುರ್ಚಿ. ಚರಂಡಿಯ ಪಕ್ಕದ ಅಂಗಡಿಯವರು ವ್ಯಾಪಾರದಲ್ಲಿ, ಗುಂಡಿಯಲ್ಲಿ ಕಾಲು ಉಳುಕಿಸಿಕೊಂಡವರು ಬಸ್ಸಿನಲ್ಲಿ. ಅಲ್ಲಿ ಯಾರೂ ಕೇಳದ ಚಪ್ಪಡಿ ಮಾರ್ಚ್‌ನಲ್ಲಿ ಎಲ್ಲಿಂದ ಬಂದೀತು?

ಆದ್ದರಿಂದ ಸಭೆಯ ದಿನಾಂಕವನ್ನು ನೋಟಿಸ್ ಬೋರ್ಡಿನಲ್ಲಿ ನೋಡಿಕೊಳ್ಳಿ, ಇಲ್ಲವೇ ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಿ. ಹೋಗುವಾಗ ಮೂರು ಪ್ರಶ್ನೆ ಚೀಟಿಯಲ್ಲಿ ಬರೆದುಕೊಳ್ಳಿ. ಹೋದ ವರ್ಷ ನಮ್ಮ ಬೀದಿಗೆ ಇಟ್ಟದ್ದೆಷ್ಟು, ಖರ್ಚಾದದ್ದೆಷ್ಟು? ಮಳಿಗೆ ಬಾಡಿಗೆ ಬಾಕಿ ಎಷ್ಟು, ಯಾರದ್ದು? ಗ್ರಂಥಾಲಯ ಕರ ವಸೂಲಾದದ್ದೆಷ್ಟು, ಕಟ್ಟಿದ್ದೆಷ್ಟು? ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, ಒಂದು ಅರ್ಜಿ.

ಎರಡನೇ ಪ್ರಶ್ನೆ ಕೇಳುವ ಮುಂಚೆ ಮಾತ್ರ ಒಂದು ಜಾಗ್ರತೆ. ನೀವೇ ನಗರಸಭೆ ಮಳಿಗೆಯಲ್ಲಿದ್ದರೆ ಮೊದಲು ನಿಮ್ಮ ಬಾಡಿಗೆ ಕಟ್ಟಿ, ಆ ರಸೀದಿಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ!